ಇಪ್ಪತ್ತೊಂದು ಕಿಲೋಮೀಟರ್ ಮತ್ತು ಬೆಳಗಿನ ರೊಟ್ಟಿ



ಕಳೆದ ತಿಂಗಳು ನಮ್ಮ ಓದುಗ ಸಹೋದರಿಯೊಬ್ಬರು ಫೋನ್ ಮಾಡಿದ್ದರು. ಸಲಾಮ್ ಹೇಳಿ, ಮನೆಯವರನ್ನೆಲ್ಲ ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದರು: "ಟೀಚರ್, ನೀವು ಮುಂಬೈಯಲ್ಲಿ ಮ್ಯಾರಥಾನ್ ಓಡಿದ್ದೀರಂತೆ, ಹೌದಾ?"

"ಅರ್ಧ ಮ್ಯಾರಥಾನ್" ಎಂದೆ.

"ಅರ್ಧವೋ ಪೂರ್ತಿಯೋ, ನಮ್ಮಂಥವರಿಗೆ ಅದು ಜಾಯಿಝಾ?"

ನಾನು ನಕ್ಕೆ. ಅವರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ನಾಲ್ವತ್ತು ದಾಟಿದ, ಮದ್ರಸದಲ್ಲಿ ಹೆಣ್ಮಕ್ಕಳಿಗೆ ದೀನೀ ಪಾಠ ಹೇಳುವ, ಹಗಲು ಶಾಲೆಯಲ್ಲಿ ಕನ್ನಡ ಕಲಿಸುವ ಹೆಂಗಸೊಬ್ಬಳು ನಸುಕಿನಲ್ಲಿ ಮುಂಬೈಯ ಬೀದಿಯಲ್ಲಿ ಓಡಿದಳೆಂದರೆ ಯಾರಿಗಾದರೂ ಕೇಳಬೇಕು ಅನ್ನಿಸುತ್ತದೆ. ಕೇಳದೆ ಹಿಂದಿನಿಂದ ಮಾತಾಡಿದವರಿಗಿಂತ ಅವರು ನೇರವಾಗಿ ಕೇಳಿದ್ದು ನನಗೆ ಸಂತೋಷವೇ ಆಯಿತು. ಆದ್ದರಿಂದ ಈ ತಿಂಗಳು ಅದನ್ನೇ ಬರೆಯುತ್ತೇನೆ.

ಇದು ಓಟದ ಆಸೆಯಿಂದ ಶುರುವಾದದ್ದಲ್ಲ, ನನ್ನ ಉಮ್ಮನ ಕಾಲಿನಿಂದ ಶುರುವಾದದ್ದು. ಉಮ್ಮನಿಗೆ ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದರು, ಮದುವೆ ಮನೆಯಲ್ಲಿ ಪಾಯಸವನ್ನೂ ಕುಡಿಯುತ್ತಿದ್ದರು. ಕೊನೆಗೆ ಎಡಗಾಲಿನ ಎರಡು ಬೆರಳು ಕತ್ತರಿಸಬೇಕಾಯಿತು. ಗಾಯ ವಾಸಿಯಾಗಲಿಲ್ಲ. ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡರು. ಕುಳಿತೇ ನಮಾಝ್ ಮಾಡುತ್ತ ಅವರು ಒಮ್ಮೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ನಡೆಯಲು ಆಗುತ್ತಿದ್ದಾಗ ನಾನು ಅಡಿಗೆ ಮನೆ ಬಿಟ್ಟು ಎಲ್ಲಿಗೂ ನಡೆಯಲಿಲ್ಲ ಮೋಳೆ."

2023ರ ಜೂನ್‌ನಲ್ಲಿ ನನ್ನದೇ ರಕ್ತ ಪರೀಕ್ಷೆಯ ಚೀಟಿ ಬಂತು. ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆ. ಅದು 5.7ಕ್ಕಿಂತ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವಿನದ್ದು ಎಚ್ಚರಿಕೆಯ ಗಂಟೆ. ನನ್ನದು 6.2. ಡಾಕ್ಟರು ಹೆಚ್ಚು ಮಾತಾಡಲಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ, ಅನ್ನ-ರೊಟ್ಟಿ ಕಡಿಮೆ ಮಾಡಿ ಎಂದರು. ನಡೆದಾಗ, ಓಡಿದಾಗ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ, ಅದಕ್ಕೆ ಇನ್ಸುಲಿನ್‌ನ ನೆರವು ಅಷ್ಟಾಗಿ ಬೇಕಿಲ್ಲ ಎಂದು ಚಿತ್ರ ಬರೆದು ತೋರಿಸಿದರು. ಸುಲಭವಾಗಿ ಕೇಳಿಸಿತು. ದಿನಕ್ಕೆ ಮುಕ್ಕಾಲು ಗಂಟೆ!

ಸಹೋದರಿಯರೇ, ನಿಮ್ಮ ದಿನದಲ್ಲಿ ನಿಮ್ಮದೇ ಆದ ಮುಕ್ಕಾಲು ಗಂಟೆ ಎಲ್ಲಿದೆ, ಹುಡುಕಿ ನೋಡಿ. ನಾನು ಹುಡುಕಿದೆ. ಎಂಟೂವರೆಗೆ ಶಾಲೆಗೆ ಹೊರಡಬೇಕು. ನಾಲ್ಕಕ್ಕೆ ಬಂದು ಐದಕ್ಕೆ ಮದ್ರಸ. ಮಗ್ರಿಬ್ ಆದ ಮೇಲೆ ರಾತ್ರಿಯ ಅಡಿಗೆ, ಮಕ್ಕಳ ಓದು. ಉಳಿದದ್ದು ಸುಬ್‌ಹಿ ನಮಾಝಿನ ನಂತರದ ಹೊತ್ತು ಮಾತ್ರ. ಅದು ಅಕ್ಕಿ ರೊಟ್ಟಿಯ ಹೊತ್ತು. ನಮ್ಮ ಮನೆಯಲ್ಲಿ ಏಳು ಜನ, ಇಪ್ಪತ್ತನಾಲ್ಕು ರೊಟ್ಟಿ, ಜೊತೆಗೆ ನಿನ್ನೆಯ ಮೀನಿನ ಸಾರು ಅಥವಾ ಚಟ್ನಿ. ಇಪ್ಪತ್ತೊಂದು ವರ್ಷದಿಂದ ಆ ರೊಟ್ಟಿ ತಟ್ಟಿದ್ದು ನಾನೇ.

ಆದ್ದರಿಂದ ಫೋನ್ ಮಾಡಿದ ಸಹೋದರಿಗೆ ನಾನು ಹೇಳಿದ್ದು ಇದನ್ನೇ: ನೀವು ಓಟದ ಮಸ್‌ಅಲ ಕೇಳುತ್ತಿದ್ದೀರಿ, ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆದದ್ದು ರೊಟ್ಟಿಯ ಮಸ್‌ಅಲ.

ಅತ್ತೆಯವರನ್ನು ನಾವು ಮಾಮಿ ಎನ್ನುವುದು. ಮಾಮಿ ಕೆಟ್ಟವರಲ್ಲ. ಎರಡು ಹೆರಿಗೆಯಲ್ಲೂ ನನ್ನನ್ನು ಮಗಳಂತೆ ನೋಡಿಕೊಂಡವರು. ಆದರೆ ನಾನು ಬೆಳಿಗ್ಗೆ ನಡೆಯಲು ಹೋಗುತ್ತೇನೆ ಎಂದಾಗ, "ಮನೆಯಲ್ಲಿ ನಡೆಯುವಷ್ಟು ಕೆಲಸ ಇಲ್ಲವಾ?" ಎಂದರು. ಮನೆಗೆಲಸವೂ ವ್ಯಾಯಾಮವೇ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕೆಲಸದಲ್ಲಿ ದಣಿವಾಗುತ್ತದೆ ನಿಜ. ಆದರೆ ಎದೆಬಡಿತ ಏರಿ ಅರ್ಧ ಗಂಟೆ ಹಾಗೆಯೇ ಉಳಿಯುವಂಥ ಕೆಲಸ ಅಡಿಗೆ ಮನೆಯಲ್ಲಿ ಎಷ್ಟಿದೆ? ಉಮ್ಮ ಅರವತ್ತು ವರ್ಷ ಮನೆಗೆಲಸ ಮಾಡಿದವರೇ ಅಲ್ಲವೇ?

ನನ್ನವರು ಮಾತು ಕಡಿಮೆಯ ಮನುಷ್ಯ. "ಹೋಗು" ಎಂದರು. "ರೊಟ್ಟಿ?" ಎಂದೆ. "ಅಂಗಡಿಯಿಂದ ಬ್ರೆಡ್ ತಂದರಾಯಿತು" ಎಂದರು. ಮಾಮಿ ಬ್ರೆಡ್ ಮುಟ್ಟುವುದಿಲ್ಲ. ಒಂದು ವಾರ ನಾನೇ ನಾಲ್ಕಕ್ಕೆ ಎದ್ದು ರೊಟ್ಟಿ ಮಾಡಿಟ್ಟು ಹೋದೆ. ಎಂಟನೇ ದಿನ ತರಗತಿಯಲ್ಲಿ ಕುಳಿತಲ್ಲೇ ತೂಕಡಿಸಿದೆ. ಮಕ್ಕಳು ಸದ್ದು ಮಾಡದೆ ಕುಳಿತಿದ್ದರು, ಪಾಪ. ಆ ರಾತ್ರಿ ನನ್ನವರ ಎದುರು ಅತ್ತುಬಿಟ್ಟೆ. ಮರುದಿನ ಅವರು ಬೇಗ ಎದ್ದು ಅಡಿಗೆ ಮನೆಗೆ ಬಂದು, "ಹಿಟ್ಟು ಎಷ್ಟು ನೀರಿಗೆ?" ಎಂದು ಕೇಳಿದರು. ಮೊದಲ ದಿನದ ರೊಟ್ಟಿ ಯಾವ ಆಕಾರದಲ್ಲಿತ್ತು ಎಂದು ನಾನು ಇಲ್ಲಿ ಬರೆಯುವುದಿಲ್ಲ, ಅವರೂ ಈ ಪತ್ರಿಕೆ ಓದುತ್ತಾರೆ. ಮಾಮಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮಗ ಅಡಿಗೆ ಮನೆಗೆ ಹೋದದ್ದು ಅವರಿಗೆ ನಾನು ಬೀದಿಗೆ ಹೋದದ್ದಕ್ಕಿಂತ ದೊಡ್ಡ ಸಂಗತಿ.

ಹೀಗೆ ವಾರಕ್ಕೆ ಮೂರು ದಿನ ನನ್ನದಾಯಿತು.

ಮೊದಲು ನಡೆದದ್ದು ಶಾಲೆಯ ಮೈದಾನದಲ್ಲಿ. ಕಾವಲುಗಾರರು ಗೇಟು ತೆರೆದು ಕೊಡುತ್ತಿದ್ದರು. ನಾಲ್ಕು ತಿಂಗಳು ನಡೆದ ಮೇಲೆ ಒಂದು ದಿನ ಮಳೆ ಹನಿಯಿತು. ಗೋಡೆಯ ಮರೆಗೆ ಓಡಿದೆ. ಓಡಿದ ಮೇಲೆ ಗೊತ್ತಾಯಿತು, ಕೊನೆಯ ಸಲ ಓಡಿದ್ದು ಏಳನೇ ಕ್ಲಾಸಿನಲ್ಲಿ! ಅನಂತರ ಯಾರೂ ನನ್ನನ್ನು ತಡೆದದ್ದಲ್ಲ. ದೊಡ್ಡವಳಾದೆ, ಓಡುವುದು ತಾನಾಗಿ ನಿಂತಿತು. ನಿಮಗೂ ಹಾಗೆಯೇ ಆಗಿರಬಹುದು.

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಶುರು ಮಾಡಿದೆ. ಕಲಿಸಿಕೊಟ್ಟದ್ದು ನಮ್ಮ ಶಾಲೆಯ ಪಿ.ಟಿ. ಟೀಚರ್. ಓಡುವಾಗ ಮಾತಾಡಲು ಸಾಧ್ಯವಾಗುವಷ್ಟು ನಿಧಾನ ಇರಬೇಕು, ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತೆಂದು ತಿಳಿಯಬೇಕು ಎಂದರು. ಒಬ್ಬಳೇ ಓಡುವಾಗ ಯಾರ ಜೊತೆ ಮಾತಾಡುವುದು? ನಾನು ಯಾಸೀನ್ ಸೂರಃ ಓದತೊಡಗಿದೆ. ಅದರ 83 ಆಯತ್‌ಗಳು ಮುಗಿಯುವಾಗ ನನ್ನ ವೇಗದಲ್ಲಿ ಸುಮಾರು ಎರಡು ಕಿಲೋಮೀಟರ್ ಆಗಿರುತ್ತಿತ್ತು. ಕೈಗೆ ಕಟ್ಟುವ ಓಟದ ಗಡಿಯಾರ ನನ್ನಲ್ಲಿ ಇರಲಿಲ್ಲ. ಇವತ್ತು ಮೂರು ಯಾಸೀನ್, ನಾಳೆ ನಾಲ್ಕು ಎಂದೇ ಲೆಕ್ಕ.

ಉಡುಪಿನ ಬಗ್ಗೆ ಬಹಳ ಸಹೋದರಿಯರು ಕೇಳುತ್ತಾರೆ. ಮೊಣಕಾಲಿಗಿಂತ ಕೆಳಗೆ ಬರುವ ಸಡಿಲ ಕುರ್ತಾ, ಒಳಗೆ ಟ್ರ್ಯಾಕ್ ಪ್ಯಾಂಟ್, ಪಿನ್ ಇಲ್ಲದ ತೆಳುಬಟ್ಟೆಯ ಹಿಜಾಬ್. ಹತ್ತಿ ಬಟ್ಟೆ ಬೆವರು ಹೀರಿ ಭಾರವಾಗಿ ಚರ್ಮ ಉಜ್ಜುತ್ತದೆ. ಆಟಗಾರರ ಜೆರ್ಸಿಯ ಬಟ್ಟೆಯಲ್ಲಿ ಹೊಲಿಸಿಕೊಂಡೆ. ದರ್ಜಿಗೆ ಅದು ಯಾಕೆಂದು ಅರ್ಥವಾಗಲಿಲ್ಲ. ಉಜ್ಜುವ ಜಾಗಕ್ಕೆಲ್ಲ ವ್ಯಾಸಲೀನ್ ಹಚ್ಚಬೇಕು. ದುಡ್ಡು ಹಾಕಬೇಕಾದದ್ದು ಶೂಗೆ ಮಾತ್ರ. ಕಾಲಿಗಿಂತ ಅರ್ಧ ಬೆರಳಷ್ಟು ದೊಡ್ಡದಿರಲಿ, ದೂರ ಓಡುವಾಗ ಪಾದ ಊದಿಕೊಳ್ಳುತ್ತದೆ.

ಮೈದಾನ ಬಿಟ್ಟು ರಸ್ತೆಗೆ ಇಳಿದದ್ದು 2024ರ ರಮಝಾನಿನ ನಂತರ. ಅಲ್ಲಿ ಬೀದಿ ನಾಯಿಗಳಿದ್ದವು, ಹಾಲಿನ ಗಾಡಿಯವರಿದ್ದರು, ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತವರಿದ್ದರು. ನಾಯಿಗಳು ಒಂದು ವಾರದಲ್ಲಿ ಸುಮ್ಮನಾದವು. ಬೆಂಚಿನವರಿಗೆ ಎರಡು ತಿಂಗಳು ಹಿಡಿಯಿತು. ಒಬ್ಬರು ದಿನಾ "ಬಸ್ಸು ಹೋಯ್ತಾ?" ಎಂದು ಕೇಳುತ್ತಿದ್ದರು. ಒಂದು ದಿನ ನಿಂತು, "ನಿಮ್ಮ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ, ಚೆನ್ನಾಗಿ ಓದುತ್ತಾಳೆ" ಎಂದೆ. ಅಲ್ಲಿಂದ ಮುಂದೆ ಅವರು ಎದ್ದು ನಿಲ್ಲಲು ಶುರು ಮಾಡಿದರು, ಅದೂ ಒಂದು ಮುಜುಗರ.

ಮುಂಬೈಯ ವಿಚಾರ ತೆಗೆದದ್ದು ನನ್ನ ತಂಗಿಯ ಮಗಳು. ತಂಗಿಯನ್ನು ಕೊಟ್ಟದ್ದು ಮಾಹಿಮ್‌ಗೆ. ಮಂಗಳೂರು ಕಡೆಯ ಎಷ್ಟೋ ಮನೆಗಳ ಹಾಗೆ ಅವರದ್ದೂ ಹೋಟೆಲಿನ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಯಾದ ಕುಟುಂಬ. ನಾನು ಮಂಗಳೂರಿನಲ್ಲಿ ಹತ್ತು ಕಿಲೋಮೀಟರಿನ ಓಟವೊಂದರಲ್ಲಿ ಓಡಿದ ಸುದ್ದಿ ಕೇಳಿ, "ದೊಡ್ಡಮ್ಮ, ಇಲ್ಲಿ ಜನವರಿಯಲ್ಲಿ ಹಾಫ್ ಮ್ಯಾರಥಾನ್ ಇದೆ, ನಮ್ಮ ಮನೆಯಿಂದಲೇ ನಡೆದು ಹೋಗುವಷ್ಟು ಹತ್ತಿರದಲ್ಲಿ ಶುರುವಾಗುತ್ತದೆ" ಎಂದಳು. ಮುಂಬೈ ಮ್ಯಾರಥಾನ್ 2004ರಿಂದ ನಡೆದು ಬಂದಿರುವ ಓಟ. ಪೂರ್ತಿ ಮ್ಯಾರಥಾನ್ 42.195 ಕಿಲೋಮೀಟರ್, ಅರ್ಧವೆಂದರೆ 21 ಕಿಲೋಮೀಟರಿಗೆ ನೂರು ಮೀಟರಿನಷ್ಟು ಹೆಚ್ಚು. ನನ್ನ ಲೆಕ್ಕದಲ್ಲಿ ಹತ್ತೂವರೆ ಯಾಸೀನ್.

ಆಗ ಮನೆಯಲ್ಲಿ ಜಾಯಿಝ್ ಪ್ರಶ್ನೆ ನಿಜವಾಗಿಯೂ ಎದ್ದಿತು. ಓದಿದವಳು ನಾನು, ಉತ್ತರವನ್ನೂ ನಾನೇ ಹುಡುಕಬೇಕಿತ್ತು. ಪ್ರವಾದಿ(ಸ)ರವರು ಪ್ರಯಾಣವೊಂದರಲ್ಲಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು ಅಬೂದಾವೂದ್‌ನಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ವರ್ಷಗಳ ನಂತರ ಮೈ ತುಂಬಿಕೊಂಡಾಗ ಇನ್ನೊಮ್ಮೆ ಓಡಿ ಸೋತರು. ಮೈ ತುಂಬಿದ ವಿಷಯವನ್ನು ಅವರೇ ಹೇಳಿಕೊಂಡಿದ್ದಾರೆ ಎಂಬುದು ನನಗೆ ಬಹಳ ಇಷ್ಟ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಆಗ ಜೊತೆಗಿದ್ದವರನ್ನು ಮುಂದೆ ಕಳುಹಿಸಲಾಗಿತ್ತು ಎಂದೂ ವರದಿಯಲ್ಲಿದೆ. ಅದು ಜನಜಂಗುಳಿಯ ಓಟವಲ್ಲ. ಇದನ್ನು ಹಿಡಿದು ಬೇಡವೆನ್ನುವ ವಿದ್ವಾಂಸರಿದ್ದಾರೆ. ಉಡುಪು, ಸಭ್ಯತೆ, ಸುರಕ್ಷೆ ಸರಿಯಿದ್ದರೆ ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಮಾತು ಹಿಡಿದೆ. ನೀವು ಬೇರೆ ಹಿಡಿದರೆ ನಾನು ಜಗಳಕ್ಕೆ ಬರುವುದಿಲ್ಲ, ಮೈದಾನದ ಸುತ್ತು ಹಾಕಿ, ಅಷ್ಟೇ.

ಇನ್ನೊಂದು ವಿಷಯ ಯೋಚನೆಗೆ ಬಂತು. ಸಫಾ ಮರ್ವಾ ನಡುವಿನ ಸಯೀ ಏಳು ಸಲ ಸೇರಿ ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದು ನೀರಿಗಾಗಿ ಓಡಿದ ತಾಯಿ ಹಾಜರಾ(ಅ)ರ ನೆನಪು. ಅಲ್ಲಿ ಹಸಿರು ದೀಪಗಳ ನಡುವೆ ಗಂಡಸರು ಓಡುತ್ತಾರೆ, ಹೆಂಗಸರಿಗೆ ನಡಿಗೆ ಸಾಕು ಎಂದು ನಿಯಮ. ಅದು ನಮಗೆ ಕೊಟ್ಟ ಸಡಿಲಿಕೆ, ನಾನು ಪಾಠ ಹೇಳುವಾಗಲೂ ಹಾಗೆಯೇ ಹೇಳುತ್ತೇನೆ. ಆದರೂ ಮೊದಲು ಓಡಿದವರು ಒಬ್ಬ ಹೆಂಗಸು, ಅದೂ ಒಬ್ಬರೇ, ಯಾರ ನೆರವೂ ಇಲ್ಲದೆ ಎಂಬುದನ್ನು ನನ್ನ ವಿದ್ಯಾರ್ಥಿನಿಯರಿಗೆ ಈಗ ಸ್ವಲ್ಪ ಒತ್ತಿ ಹೇಳುತ್ತೇನೆ.

ಆ ವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಸಿಫಾನ್ ಹಸನ್ ಚಿನ್ನ ಗೆದ್ದರು. ಇಥಿಯೋಪಿಯಾದಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿನಲ್ಲಿ ನಿರಾಶ್ರಿತಳಾಗಿ ನೆದರ್‌ಲ್ಯಾಂಡ್ಸ್‌ಗೆ ಬಂದವರು. ಪದಕ ಪಡೆಯಲು ಹಿಜಾಬ್ ಧರಿಸಿ ನಿಂತರು. ನನ್ನ ಮಗಳು ಆ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿ, "ಉಮ್ಮ, ಇವರು ನಿನ್ನ ಹಾಗೆ" ಎಂದಳು. ಅವರು 42 ಕಿಲೋಮೀಟರ್ ಓಡಿ ಮುಗಿಸುವಷ್ಟರಲ್ಲಿ ನಾನು ಹದಿನೇಳಕ್ಕೆ ಹೋಗಿ ಕೂತಿರುತ್ತೇನೆ. ಆದರೂ ಅಲ್ಲಿಯವರೆಗೆ ಅಮ್ಮ ಓಡುವುದೆಂದರೆ ನಾಚುತ್ತಿದ್ದ ಹುಡುಗಿ ಅವಳು.

ಎಲ್ಲವೂ ಚೆನ್ನಾಗಿ ನಡೆಯಿತೆಂದು ತಿಳಿಯಬೇಡಿ. ಸೆಪ್ಟೆಂಬರ್‌ನಲ್ಲಿ ಉತ್ಸಾಹ ಹೆಚ್ಚಾಗಿ ಒಂದೇ ವಾರದಲ್ಲಿ ಎಂಟರಿಂದ ಹದಿಮೂರು ಕಿಲೋಮೀಟರಿಗೆ ಹಾರಿದೆ. ಬಲ ಮೊಣಕಾಲು ಹಿಡಿದುಕೊಂಡಿತು. ಮೂರು ವಾರ ಓಟವಿಲ್ಲ. ಮಾಮಿ ಬಿಸಿ ಎಣ್ಣೆ ಹಚ್ಚುತ್ತ, "ಇನ್ನಾದರೂ ಬಿಡು" ಎಂದರು. ವಾರಕ್ಕೆ ಒಂದೆರಡು ಕಿಲೋಮೀಟರಿಗಿಂತ ಹೆಚ್ಚಿಸಬಾರದೆಂದು ಪಿ.ಟಿ. ಟೀಚರ್ ಮೊದಲೇ ಹೇಳಿದ್ದರು, ಕೇಳಿದ್ದು ಯಾರು? ಡಿಸೆಂಬರ್ ಕೊನೆಗೆ ಹದಿನೆಂಟು ಮುಟ್ಟಿದೆ. ಅದಕ್ಕಿಂತ ಹೆಚ್ಚು ದೂರವನ್ನು ನಾನು ಓಡಿದ್ದು ಮುಂಬೈಯಲ್ಲಿ ಮಾತ್ರ.

2025ರ ಜನವರಿ 19, ಭಾನುವಾರ. ಎರಡು ದಿನ ಮೊದಲೇ ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಇಳಿದಿದ್ದೆ. ನನ್ನವರು ಬರಲಿಲ್ಲ, ಮಕ್ಕಳು, ಮಾಮಿ, ರೊಟ್ಟಿ. ತಂಗಿಯ ಮನೆಯ ಹತ್ತಿರವೇ ಮಖ್ದೂಮ್ ಅಲಿ ಮಾಹಿಮಿಯವರ ದರ್ಗಾ ಇದೆ. ನಮ್ಮ ಭಟ್ಕಳದ ನವಾಯತರ ಬಳಗಕ್ಕೆ ಸೇರಿದ, ಆರು ಶತಮಾನಗಳ ಹಿಂದೆ ಅರಬಿಯಲ್ಲಿ ಕುರ್‌ಆನ್ ವ್ಯಾಖ್ಯಾನ ಬರೆದ ದೊಡ್ಡ ವಿದ್ವಾಂಸರು ಅವರು. ಮದ್ರಸದಲ್ಲಿ ಹೆಸರು ಕೇಳಿದ್ದೆ, ಅವರ ಊರಿನಿಂದಲೇ ಓಡುತ್ತೇನೆಂದು ಎಣಿಸಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆ ದೂರದ್ದಾಗಿರಲಿಲ್ಲ, ಸುಬ್‌ಹಿಯದಾಗಿತ್ತು. ಓಟ ಶುರುವಾಗುವುದು ಐದಕ್ಕೆ. ಮುಂಬೈಯಲ್ಲಿ ಆ ದಿನಗಳಲ್ಲಿ ಸುಬ್‌ಹಿಯ ಸಮಯ ಆರಕ್ಕೆ ಸ್ವಲ್ಪ ಮೊದಲು ಶುರುವಾಗಿ, ಏಳೂಕಾಲಿನ ಹೊತ್ತಿಗೆ ಸೂರ್ಯ ಹುಟ್ಟುವಾಗ ಮುಗಿಯುತ್ತದೆ. ಹೊರಡುವ ಮೊದಲು ಮಾಡುವಂತಿಲ್ಲ, ಸಮಯವಾಗಿರುವುದಿಲ್ಲ. ಮುಗಿಸಿ ಮಾಡೋಣವೆಂದರೆ ನನ್ನ ವೇಗಕ್ಕೆ ಎಂಟೂವರೆಯಾಗುತ್ತದೆ. ನಡುವೆಯೇ ಎಲ್ಲಾದರೂ ನಿಲ್ಲಬೇಕು. ತಂಗಿ, "ಕಳಾ ಮಾಡಿದರಾಗದಾ ಅಕ್ಕ?" ಎಂದಳು. ಓಟಕ್ಕಾಗಿ ನಮಾಝ್ ಕಳಾ ಮಾಡುವುದಾದರೆ ಓಡುವುದೇ ಬೇಡ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ವುಝೂ ಮಾಡಿಕೊಂಡೇ ಹೊರಟೆ. ಬೆವರಿನಿಂದ ವುಝೂ ಮುರಿಯುವುದಿಲ್ಲವಲ್ಲ.

ರೇತಿ ಬಂದರ್ ಮೈದಾನದಲ್ಲಿ ಕತ್ತಲೆಯಲ್ಲಿ ಸಾವಿರಾರು ಜನ. ಅಷ್ಟು ಜನರ ನಡುವೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ ಎಂಬುದು ಮೊದಲ ಆಶ್ಚರ್ಯ. ಪ್ರತಿಯೊಬ್ಬರಿಗೂ ಅವರವರ ಲೇಸು, ಅವರವರ ನೀರು. ಸೀರೆ ಉಟ್ಟವರಿದ್ದರು, ಎಪ್ಪತ್ತು ದಾಟಿದವರಿದ್ದರು. ನಮ್ಮ ಗುಂಪು ಗೆರೆ ದಾಟುವಾಗ ಐದೂಕಾಲು ಕಳೆದಿತ್ತು. ಎದೆಗೆ ಸಿಕ್ಕಿಸಿದ ನಂಬರ್ ಪಟ್ಟಿಯಲ್ಲಿ ಒಂದು ಚಿಪ್ ಇರುತ್ತದೆ. ನಾವು ಗೆರೆ ದಾಟಿದ ಕ್ಷಣದಿಂದ ನಮ್ಮ ಹೊತ್ತನ್ನು ಅದು ಎಣಿಸುತ್ತದೆ, ಹಾಗಾಗಿ ಹಿಂದೆ ಉಳಿದವರಿಗೆ ನಷ್ಟವಿಲ್ಲ.

ಬಾಂದ್ರಾ ದಾಟಿ ಸೀ ಲಿಂಕ್ ಹತ್ತಿದೆವು. 2009ರಲ್ಲಿ ತೆರೆದ, 5.6 ಕಿಲೋಮೀಟರ್ ಉದ್ದದ ಈ ಸೇತುವೆಯ ಮೇಲೆ ಬೇರೆ ದಿನ ನಡೆದು ಹೋಗಲು ಬಿಡುವುದಿಲ್ಲ, ಬೈಕಿಗೂ ಪ್ರವೇಶವಿಲ್ಲ. ಕಾರಿದ್ದವರ ಸೇತುವೆ ಅದು. ಆ ದಿನ ಮಾತ್ರ ನಮ್ಮ ಕಾಲಿನದು. ಕೆಳಗೆ ಕಪ್ಪು ಸಮುದ್ರ, ಮೇಲೆ ಕಂಬದಿಂದ ಇಳಿಬಿದ್ದ ತಂತಿಗಳು, ಸುತ್ತ ಶೂಗಳ ಸದ್ದು ಮಾತ್ರ. ಮಾತಾಡುತ್ತಿದ್ದವರೂ ಅಲ್ಲಿ ಸುಮ್ಮನಾದರು. ಎರಡನೇ ಯಾಸೀನ್ ಮುಗಿದದ್ದು ಸೇತುವೆಯ ಮೇಲೆ. ನಾನು ಮಾತ್ರ ಮತ್ತೆ ಮತ್ತೆ ಪೂರ್ವದ ಆಕಾಶ ನೋಡುತ್ತಿದ್ದೆ.

ವರ್ಲಿ ಸೀ ಫೇಸ್‌ನಲ್ಲಿ, ಒಂಬತ್ತನೇ ಕಿಲೋಮೀಟರಿನ ಹತ್ತಿರ, ರಸ್ತೆ ಬಿಟ್ಟು ಸಮುದ್ರದ ಬದಿಯ ಕಾಲುದಾರಿಗೆ ಹತ್ತಿದೆ. ಆರೂ ನಲ್ವತ್ತಾಗಿತ್ತು. ಈ ರಸ್ತೆಯ ನಿಜವಾದ ಹೆಸರು ಖಾನ್ ಅಬ್ದುಲ್ ಗಫ್ಫಾರ್ ಖಾನ್ ಮಾರ್ಗ. ಮುಂಬೈಯಿಂದ ಕಿಬ್ಲಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಎಂದರೆ ಸಮುದ್ರದ ಕಡೆಗೇ. ಹುಡುಕಬೇಕಾಗಲಿಲ್ಲ. ಆದರೆ ಶೂ! ಬಿಚ್ಚಿಕೊಳ್ಳದಿರಲೆಂದು ಲೇಸಿಗೆ ಎರಡೆರಡು ಗಂಟು ಹಾಕಿದ್ದೆ. ಬೆರಳು ನಡುಗುತ್ತಿತ್ತು, ಗಂಟು ಬಿಡುತ್ತಿರಲಿಲ್ಲ. ನೀರು ಹಂಚುತ್ತಿದ್ದ ಕಾಲೇಜು ಹುಡುಗಿ ಓಡಿ ಬಂದು, "ಆಂಟೀ, ಪೆಟ್ಟಾಯಿತಾ?" ಎಂದು ಹಿಂದಿಯಲ್ಲಿ ಕೇಳಿದಳು. "ಇಲ್ಲ ಮಗೂ, ನಮಾಝ್" ಎಂದೆ. ಅವಳು ಕುಳಿತು ಒಂದು ಗಂಟು ಬಿಡಿಸಿಕೊಟ್ಟು, ನನ್ನ ಶೂಗಳನ್ನು ತನ್ನ ಕಾಲ ಬಳಿ ಇಟ್ಟುಕೊಂಡು ನಿಂತಳು.

ಎರಡು ರಕ್‌ಅತ್. ಸುಜೂದಿನಿಂದ ಏಳುವಾಗ ಮೀನಖಂಡ ಹಿಡಿದು ಒಂದು ಕ್ಷಣ ಅಲುಗಾಡಲಾಗಲಿಲ್ಲ. ಉಮ್ಮ ಕುಳಿತು ನಮಾಝ್ ಮಾಡುತ್ತಿದ್ದದ್ದು ಕಣ್ಮುಂದೆ ಬಂತು. ಎದ್ದೆ. ನನಗೆ ಏಳಲು ಆಯಿತು. ಸಲಾಮ್ ಹೇಳಿ ಮುಗಿಸುವಾಗ ಕೆನ್ನೆ ಒದ್ದೆಯಾಗಿತ್ತು, ಬೆವರು ಯಾವುದು ಎಂದು ಗೊತ್ತಾಗಲಿಲ್ಲ. ಹುಡುಗಿ ಅಷ್ಟರಲ್ಲಿ ಎರಡನೇ ಶೂವಿನ ಗಂಟನ್ನೂ ಬಿಡಿಸಿ ಸಡಿಲ ಮಾಡಿಟ್ಟಿದ್ದಳು. ಎಂಟು ನಿಮಿಷ ಹೋಯಿತು. ಚಿಪ್ಪಿಗೆ ಅದು ಗೊತ್ತಿಲ್ಲ.

ನಿಂತು ಮತ್ತೆ ಓಡುವುದು ಎಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಕಾಲು ಮರದ ಕೊರಡಿನಂತಾಗಿತ್ತು. ಹಾಜಿ ಅಲಿಯ ಎದುರು ಬರುವಾಗ ಬೆಳಕಾಗಿ, ಸಮುದ್ರದ ನಡುವೆ ದರ್ಗಾದ ಬಿಳಿ ಗುಮ್ಮಟ ಕಾಣುತ್ತಿತ್ತು. ಎರಡು ಖರ್ಜೂರ ಬಾಯಿಗೆ ಹಾಕಿಕೊಂಡೆ. ಒಂದೂವರೆ, ಎರಡು ಗಂಟೆಯಾಗುವಾಗ ದೇಹದಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತ ಬರುತ್ತದೆ, ಹಾಗಾಗಿ ನಡುನಡುವೆ ಏನಾದರೂ ತಿನ್ನಬೇಕು. ಮನೆಯಲ್ಲಿ ಖರ್ಜೂರ ಲೆಕ್ಕ ಹಾಕಿ ತಿನ್ನುವವಳು ಅಲ್ಲಿ ಧೈರ್ಯವಾಗಿ ತಿಂದೆ. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಸಹೋದರಿಯರು ಮಾತ್ರ ಡಾಕ್ಟರರನ್ನು ಕೇಳದೆ ಇಂಥದ್ದಕ್ಕೆ ಕೈಹಾಕಬೇಡಿ. ಅವರಿಗೆ ಓಟದ ನಡುವೆ ಸಕ್ಕರೆ ಏಕಾಏಕಿ ಇಳಿದರೆ ಅಪಾಯ.

ಆಮೇಲೆ ಬಂತು ಪೆಡ್ಡರ್ ರೋಡ್. ಲತಾ ಮಂಗೇಶ್ಕರ್ ಬದುಕಿದ್ದ ರಸ್ತೆಯೆಂದು ತಂಗಿಯ ಮಗಳು ಹೇಳಿದ್ದಳು, ಅದು ಏರು ರಸ್ತೆಯೆಂದು ಹೇಳಿರಲಿಲ್ಲ. ಇಷ್ಟು ಹೊತ್ತು ಸಮತಟ್ಟು, ಸುಸ್ತಾಗುವ ಹೊತ್ತಿಗೆ ಸರಿಯಾಗಿ ಏರು. ನನ್ನ ಯಾಸೀನ್ ಅಲ್ಲಿ ತಪ್ಪಿತು. ಚಿಕ್ಕಂದಿನಿಂದ ಬಾಯಿಪಾಠವಿರುವ ಸೂರಃ, ಮುಂದಿನ ಆಯತ್ ಯಾವುದೆಂದು ಹೊಳೆಯಲಿಲ್ಲ. ಬಲ ಮೊಣಕಾಲು ಸೆಪ್ಟೆಂಬರ್ ತಿಂಗಳನ್ನು ನೆನಪಿಸಿತು. ಬದಿಯ ಬೇಲಿಗೆ ಕೈ ಊರಿ ನಿಂತುಬಿಟ್ಟೆ. ಇಲ್ಲಿಗೆ ಸಾಕು, ಹದಿಮೂರು ಕಿಲೋಮೀಟರೂ ಕಡಿಮೆಯಲ್ಲ, ಟ್ಯಾಕ್ಸಿ ಹಿಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದೆಲ್ಲ ಅನ್ನಿಸಿತು. ಆ ರಸ್ತೆಯ ಮನೆಗಳವರು ಕೆಳಗಿಳಿದು ಬಂದು ಕಿತ್ತಳೆ, ಬಿಸ್ಕತ್ತು ಹಂಚುತ್ತಿದ್ದರು. ಮಾಮಿಯ ವಯಸ್ಸಿನ ಒಬ್ಬ ಗುಜರಾತಿ ಅಜ್ಜಿ ಕುರ್ಚಿಯಲ್ಲಿ ಕುಳಿತು ತಟ್ಟೆಯಲ್ಲಿ ಉಪ್ಪು ಹಚ್ಚಿದ ಕಿತ್ತಳೆ ತೊಳೆ ಇಟ್ಟುಕೊಂಡಿದ್ದರು. ನನ್ನನ್ನು ಕರೆದು ಎರಡು ತೊಳೆ ಕೊಟ್ಟು, "ನಡೆ ಬೇಟಾ, ಓಡಬೇಡ, ನಡೆ" ಎಂದರು.

ನಡೆದೆ. ಪೆಡ್ಡರ್ ರೋಡನ್ನು ನಾನು ಓಡಿಲ್ಲ ಸಹೋದರಿಯರೇ, ಪೂರ್ತಿ ನಡೆದದ್ದೇ. ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಇಳಿಜಾರು ಬಂದ ಮೇಲೆ ಸೂರಃ ಮತ್ತೆ ಬಾಯಿಗೆ ಬಂತು.

ಮರೀನ್ ಡ್ರೈವ್ ಚಿತ್ರದಲ್ಲಿ ನೋಡಲು ಎಷ್ಟು ಚೆಂದವೋ ಓಡಲು ಅಷ್ಟೇ ದೀರ್ಘ. ಬಿಸಿಲೇರಿತ್ತು, ಕೊನೆ ಕಾಣುತ್ತದೆ, ಹತ್ತಿರ ಬರುವುದಿಲ್ಲ. ನೂರು ಹೆಜ್ಜೆ ಓಟ, ಐವತ್ತು ಹೆಜ್ಜೆ ನಡಿಗೆ ಎಂದು ಎಣಿಸುತ್ತ ಹೋದೆ. ಚರ್ಚ್‌ಗೇಟ್ ಕಡೆಗೆ ತಿರುಗಿ, ಹಳೆಯ ಕಟ್ಟಡಗಳ ನಡುವಿನಿಂದ ಸಿಎಸ್‌ಎಂಟಿ ನಿಲ್ದಾಣದ ಕಡೆ ಬಂದಾಗ ಯಾರೋ "ದೊಡ್ಡಮ್ಮಾ!" ಎಂದು ಕೂಗಿದರು. ಅಷ್ಟು ಮರಾಠಿ, ಹಿಂದಿಯ ನಡುವೆ ಒಂದು ಕನ್ನಡ ಶಬ್ದ. ತಂಗಿಯ ಮಗಳು ಬೇಲಿ ಹತ್ತಿ ನಿಂತಿದ್ದಳು. ಕೊನೆಯ ಇನ್ನೂರು ಮೀಟರ್ ಓಡಿದೆ.

ಮೂರು ಗಂಟೆ ಹನ್ನೊಂದು ನಿಮಿಷ. 2021ರಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಎಂಬ ಹೆಣ್ಮಗಳು ಇದೇ ದೂರವನ್ನು ಒಂದು ಗಂಟೆ ಎರಡು ನಿಮಿಷ ಐವತ್ತೆರಡು ಸೆಕೆಂಡಿನಲ್ಲಿ ಓಡಿದ್ದಾರೆ. ಹಾಗಾಗಿ ನನ್ನ ಹೊತ್ತನ್ನು ಹೊಗಳುವುದೇನಿಲ್ಲ. ಮನೆಗೆ ಫೋನ್ ಮಾಡಿದೆ. ನನ್ನವರು ಎತ್ತಿ, "ಮುಗಿಯಿತಾ? ಕಾಲು ಹೇಗಿದೆ?" ಎಂದರು. ಕಾಲು ಎಂಬ ಆ ಒಂದು ಮಾತಿಗೆ ನನಗೆ ಗಂಟಲು ಕಟ್ಟಿತು.

ಮೂರು ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಶಾಲೆಯಲ್ಲಿ ಗೋಡೆ ಹಿಡಿದು ಹಿಮ್ಮುಖವಾಗಿ ಇಳಿದೆ, ಏಳನೇ ಕ್ಲಾಸಿನವರಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇರಿಲ್ಲ. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ ತಿಂಗಳ ನಂತರ ಬಿದ್ದು ಹೋಯಿತು. ಫೆಬ್ರವರಿಯ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.8 ಬಂತು, ಅಲ್‌ಹಮ್ದುಲಿಲ್ಲಾಹ್. ಅದನ್ನು ಓಟದ ಲೆಕ್ಕಕ್ಕೆ ಮಾತ್ರ ಬರೆಯಲಾಗದು, ನನ್ನ ತಟ್ಟೆಯ ರೊಟ್ಟಿ ಐದರಿಂದ ಎರಡಕ್ಕೆ ಇಳಿದಿತ್ತು. ಇನ್ನೂ 5.7ರ ಕೆಳಗೆ ಹೋಗಿಲ್ಲ.

ಮುಂಬೈಯಿಂದ ಬಂದ ಮರುದಿನ ಸಂಜೆ ಮಾಮಿ ಪದಕವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಬೆಳ್ಳಿಯಾ?" ಎಂದು ಕೇಳಿದರು. ಅಲ್ಲ ಎಂದೆ. ಅದನ್ನು ಮೇಜಿನ ಮೇಲಿಟ್ಟು ಹೇಳಿದರು: "ಮುಗಿಯಿತಲ್ಲ. ಇನ್ನು ನಾಳೆಯಿಂದ ರೊಟ್ಟಿ?"

ಮನೆಯಲ್ಲಿ ಎಲ್ಲರೂ ಇದ್ದರು. ನನ್ನವರು ಪತ್ರಿಕೆಯ ಹಿಂದಿದ್ದರು.

"ಸೋಮವಾರ, ಬುಧವಾರ, ಶನಿವಾರ ನಿಮ್ಮ ಮಗ" ಎಂದೆ. "ಉಳಿದ ದಿನ ನಾನು."

ಮಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿ, "ಶನಿವಾರದ್ದು ಉಪ್ಪು ಜಾಸ್ತಿಯಾಗುತ್ತದೆ, ನೋಡಿಕೊಂಡು ಹಾಕು" ಎಂದರು.